ನೀರು ಕೇಳಿದವಳ ವಿಳಾಸ

ನೀರು ಸರಬರಾಜು ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನನ್ನ ತಂಗಿಯ ದವಡೆ ಮುರಿದವನು ಅವಳ ಗಂಡ. ಅವಳ ಮನೆಬಾಗಿಲನ್ನು ಅವನಿಗೆ ತೋರಿಸಿಕೊಟ್ಟವರು ತಾವು. ಅವನ ಮೇಲೆ ಕೇಸಾಗಿದೆ; ತಮ್ಮ ಮೇಲೆ ಯಾವ ಕೇಸೂ ಇಲ್ಲ, ಆದ್ದರಿಂದ ಈ ಪತ್ರ. ಲಕೋಟೆಯಲ್ಲಿ ಹಾಕಿ ಕಳಿಸಬಹುದಿತ್ತು. ಆದರೆ ಊರವರ ಗುಟ್ಟನ್ನೆಲ್ಲ ತಾವು ಬೀದಿಯಲ್ಲೇ ಹರಡುವವರಾದ್ದರಿಂದ ನಾನೂ ಬೀದಿಯಲ್ಲೇ ನಿಂತು ಬರೆಯುತ್ತಿದ್ದೇನೆ.

ನಾನು ಕೋಳಿ ಅಂಗಡಿಯವಳು, ನಯವಾಗಿ ಮಾತಾಡಿ ಅಭ್ಯಾಸವಿಲ್ಲ. ಗಂಡ ತನ್ನ ತಲೆಯನ್ನು ಬಚ್ಚಲ ಗೋಡೆಗೆ ಜಜ್ಜಿದ ಮೇಲೆ ತಂಗಿ ಅವನನ್ನು ಬಿಟ್ಟು ಬಂದಳು. ಊರಿನ ಇನ್ನೊಂದು ತುದಿಯಲ್ಲಿ ಕೋಣೆ ಹಿಡಿದಳು, ಫೋನ್ ನಂಬರು ಬದಲಿಸಿದಳು, ಗಿರಾಕಿಗಳ ಕಣ್ಣಿಗೆ ಬೀಳದಂತೆ ಬಟ್ಟೆ ಅಂಗಡಿಯೊಂದರ ಗೋದಾಮಿನಲ್ಲಿ ಕೆಲಸ ಹುಡುಕಿಕೊಂಡಳು. ವಿಳಾಸ ಗೊತ್ತಿದ್ದದ್ದು ನನಗೊಬ್ಬಳಿಗೆ. ಅವನು ಆಗಾಗ ನನ್ನ ಅಂಗಡಿಗೆ ಬಂದು ಕಟ್ಟೆಗೆ ಒರಗಿ ನಿಲ್ಲುತ್ತಿದ್ದ.

"ಎಲ್ಲಿಟ್ಟಿದೀಯಕ್ಕಾ ಅವಳ್ನ? ಹೇಳ್ಬಿಡು, ನಾನೇನೂ ಮಾಡಲ್ಲ."

"ಕೈಲಿ ಮಚ್ಚಿದೆ. ಬಾಯ್ ಮುಚ್ಕೊಂಡು ಹೋಗು."

ಒಂದು ಸಲ ನನ್ನ ಜುಟ್ಟು ಹಿಡಿದು ಮುಖವನ್ನು ತಕ್ಕಡಿಗೆ ಗುದ್ದಿದ. ಮುಂದಿನ ಹಲ್ಲೊಂದು ಹೋಯಿತು. ಬಾಯಲ್ಲಿ ರಕ್ತ ತುಂಬಿಕೊಂಡಿದ್ದರೂ ನಾನು ತುಟಿ ಪಿಟಕ್ಕೆನ್ನಲಿಲ್ಲ. ಹಲ್ಲು ಕೊಟ್ಟು ಉಳಿಸಿಕೊಂಡ ಆ ವಿಳಾಸವನ್ನು ತಾವು ಪುಕ್ಕಟೆಯಾಗಿ ಹಂಚಿದಿರಿ.

ತಂಗಿಗೆ ನಲ್ಲಿ ಬೇಕಾದರೆ ಫೋನ್ ನಂಬರು ಕೊಡಬೇಕು ಎಂದರು ತಮ್ಮವರು. ಕೊಟ್ಟಳು. ಮರುದಿನ ನೋಡಿದರೆ 'ನಮ್ಮ ಬೀದಿ ನಮ್ಮ ನೀರು' ಎಂಬ ವಾಟ್ಸಾಪ್ ಗ್ರೂಪಿನಲ್ಲಿ ಅವಳು ಸದಸ್ಯೆ! ಸೇರಿಸಲೇ ಎಂದು ಕೇಳಿದವರು ಯಾರು? ಬೀದಿಯವರು, ಕಚೇರಿಯವರು, ಪೈಪು ಜೋಡಿಸುವವರು, ಗುತ್ತಿಗೆಯ ಟ್ಯಾಂಕರ್ ಚಾಲಕರು, ಎಲ್ಲರ ನಂಬರೂ ಎಲ್ಲರಿಗೂ ಕಾಣುವಂತೆ ಅಲ್ಲಿ ಬಿಚ್ಚಿಟ್ಟಿತ್ತು. ತಂಗಿ ಹೊರಬಂದಳು. ತಮ್ಮ ಗುಮಾಸ್ತರು ಮತ್ತೆ ಸೇರಿಸಿದರು. ಮತ್ತೆ ಹೊರಬಂದಳು, ಮತ್ತೆ ಎಳೆದು ಒಳಗೆ ಹಾಕಿದರು. ಕೊನೆಗೆ ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕಿ ಇಟ್ಟುಕೊಂಡು ಬಾಯಿ ಮುಚ್ಚಿ ಕೂತಳು.

ಹಾಗೇ ಕೂತಿರಲು ತಮ್ಮ ನಲ್ಲಿ ಬಿಡಬೇಕಲ್ಲ? ವಾರವಾದರೂ ತೊಟ್ಟು ನೀರಿಲ್ಲ. ಕಚೇರಿಗೆ ಫೋನ್ ಮಾಡಿದಳು.

"ಫೋನಲ್ಲಿ ಹೇಳಿದ್ರೆ ಲೆಕ್ಕಕ್ಕಿಲ್ಲಮ್ಮ. ಗ್ರೂಪಲ್ಲಿ ಹಾಕಿ. ಹೆಸರು, ಮನೆ ಮುಂದಿನ ಫೋಟೋ, ಲೊಕೇಶನ್. ಮೂರೂ ಇರ್ಬೇಕು," ಎಂದರು ಗುಮಾಸ್ತರು.

"ಸಾರ್, ನಂಗೆ ಸ್ವಲ್ಪ ತೊಂದ್ರೆ ಇದೆ. ಹೆಸರು ಹಾಕಕ್ಕಾಗಲ್ಲ."

"ಇಡೀ ಬೀದಿ ಹಾಕುತ್ತೆ, ನೀವೇನು ಮಹಾರಾಣೀನಾ?"

ನೀರಿಲ್ಲದೆ ಮಹಾರಾಣಿಯೂ ಎಷ್ಟು ದಿನ ಇದ್ದಾಳು? ಹಾಕಿದಳು. ತಾವು ಕೂಡಲೇ ಕೈಮುಗಿಯುವ ಚಿತ್ರ ಕಳಿಸಿದಿರಿ. ಅದರ ಕೆಳಗೆ, ಟ್ಯಾಂಕರಿನ ಫೋಟೋ ಇಟ್ಟುಕೊಂಡಿದ್ದ ಯಾವುದೋ ನಂಬರಿನಿಂದ ಒಂದು ಸಾಲು ಬಂತು: "ಈ ಮನೆ ನಾನು ನೋಡ್ಕೋತೀನಿ ಸರ್." ತಾವು ಹೆಬ್ಬೆರಳು ಎತ್ತಿದಿರಿ.

ಅವನು ಗುತ್ತಿಗೆಯ ಟ್ಯಾಂಕರ್ ಓಡಿಸಲು ಸೇರಿಕೊಂಡಿದ್ದು ನಮಗೆ ಗೊತ್ತಿರಲಿಲ್ಲ. ತಂಗಿ ನೀರು ಬಂತೆಂದು ಒಂದು ಕೈಯಲ್ಲಿ ಖಾಲಿ ಕೊಡ ಹಿಡಿದು ತಾನೇ ಬಾಗಿಲು ತೆರೆದಳು. ವಾಲ್ವ್ ತಿರುಗಿಸುವ ಕಬ್ಬಿಣದ ಪಾನ ಅವನ ಕೈಯಲ್ಲಿತ್ತು. ಮೊದಲ ಏಟಿಗೆ ದವಡೆ ಎರಡಾಯಿತು. ಅಡ್ಡ ಹಿಡಿದ ಮಣಿಕಟ್ಟು ಪುಡಿಯಾಯಿತು. ಬಿದ್ದವಳ ಪಕ್ಕೆಯನ್ನು ಬೂಟುಗಾಲಿನಲ್ಲಿ ತುಳಿದ. ತೆವಳುತ್ತಾ ಮಂಚದ ಕೆಳಗೆ ಹೊಕ್ಕವಳನ್ನು ಕಾಲು ಹಿಡಿದು ಎಳೆದು ಮತ್ತೆ ಹೊಡೆದ. ಪಕ್ಕದ ಮನೆಯ ಬಡಗಿ ಉಳಿ ಹಿಡಿದು ನುಗ್ಗದಿದ್ದರೆ ಇವತ್ತು ನಾನು ಬೇರೆ ಥರದ ಪತ್ರ ಬರೆಯಬೇಕಿತ್ತು. ಅವಳನ್ನು ಹೊತ್ತು ತರುವ ವಿಡಿಯೋವನ್ನು ಯಾರೋ ಪುಣ್ಯಾತ್ಮರು ಅದೇ ಗ್ರೂಪಿಗೆ ಹಾಕಿದರು. ಅದರ ಬೆನ್ನಿಗೇ ತಮ್ಮ ಕಚೇರಿಯಿಂದ ಸಂದೇಶ ಬಂತು: "ಸದರಿ ಮನೆಗೆ ಟ್ಯಾಂಕರ್ ತಲುಪಿದೆ. ದೂರು ಇತ್ಯರ್ಥವಾಗಿದೆ. ಧನ್ಯವಾದಗಳು." ಇಷ್ಟು ಚುರುಕಾದ ಕಚೇರಿಯನ್ನು ನಾನು ಜನ್ಮದಲ್ಲಿ ಕಂಡಿಲ್ಲ.

ನಾನು ಏಪ್ರನ್ ಕೂಡ ಬಿಚ್ಚದೆ ತಮ್ಮ ಕೋಣೆಗೆ ಬಂದದ್ದು ತಮಗೆ ನೆನಪಿರಬೇಕು. ಅದರ ಮೇಲಿದ್ದದ್ದು ಕೋಳಿಯ ರಕ್ತ. ಆದರೂ ತಾವು ಕುರ್ಚಿಯನ್ನು ಗೋಡೆಯವರೆಗೂ ಹಿಂದಕ್ಕೆ ಸರಿಸಿದಿರಿ. ನಿಜ ಹೇಳುತ್ತೇನೆ, ತಮ್ಮ ಕತ್ತು ಹಿಸುಕುವ ಆಸೆ ನನಗೆ ಬಹಳ ಇತ್ತು.

"ಸಮಾಧಾನ ಮಾಡ್ಕೊಳಮ್ಮ. ಗ್ರೂಪ್ ಮಾಡಿದ್ದು ಪಾರದರ್ಶಕತೆಗೆ," ಎಂದಿರಿ.

"ಹಂಗಾದ್ರೆ ನಿಮ್ಮ ಮನೆ ಫೋಟೋ, ಲೊಕೇಶನ್ನೂ ಹಾಕಿ ಸಾರ್ ಅದ್ರಲ್ಲಿ."

"ನನ್ನ ವಿಷಯ ಬೇರೆ. ನನಗೆ ಭದ್ರತೆ ಮುಖ್ಯ."

ತಮಗೆ ಭದ್ರತೆ, ನಮಗೆ ಪಾರದರ್ಶಕತೆ! ತಮ್ಮ ಸ್ವಂತ ನಂಬರು ಆ ಗ್ರೂಪಿನಲ್ಲಿ ಇಲ್ಲ, ಕಚೇರಿಯದು ಮಾತ್ರ ಇದೆ ಎಂದು ನನಗೆ ಆಮೇಲೆ ತಿಳಿಯಿತು. ಬೆಂಕಿ ಸುಡುತ್ತದೆಂದು ತಮಗೆ ಮೊದಲೇ ಗೊತ್ತಿತ್ತು ಎಂದಾಯಿತು.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರೆ. ತಾವು ದಿಡ್ಡಿ ಬಾಗಿಲನ್ನೂ ಕಿತ್ತು ಬಿಸಾಡಿದವರು. ಅವನು ಜಾಮೀನಿನ ಮೇಲೆ ಹೊರಬಂದ. ತಂಗಿಯನ್ನು ಬೇರೆ ಮನೆಗೆ, ಬೇರೆ ನಂಬರಿಗೆ ಸಾಗಿಸಿದೆವು. ಇಲಾಖೆಯ ವಿಚಾರಣೆ ಇದೆ, ಸಂಪರ್ಕಕ್ಕೆ ಬೇಕು ಎಂದು ತಮ್ಮವರು ಅವೆರಡನ್ನೂ ಬರೆಸಿಕೊಂಡರು. ನಿನ್ನೆ ಬೆಳಿಗ್ಗೆ ಅವಳ ಫೋನು ಟಿಂಗ್ ಎಂದಿತು. ಹೊಸ ಗ್ರೂಪು! ಸಂಬಂಧಪಟ್ಟವರಿಗೆಲ್ಲ ಒಂದೇ ಕಡೆ ಮಾಹಿತಿ ಸಿಗಲೆಂದು ತಾವು ಮಾಡಿದ 'ವಿಚಾರಣಾ ಗ್ರೂಪು'. ಅದರಲ್ಲಿ ತಾವು, ಗುಮಾಸ್ತರು, ಸಾಕ್ಷಿ ಹೇಳಬೇಕಾದ ಬಡಗಿ, ನನ್ನ ತಂಗಿ. ಮತ್ತೆ ಅವನು. ಮೊದಲ ಸಂದೇಶವೇ ನೋಟಿಸು, ಅವಳ ಹೊಸ ವಿಳಾಸ ಸಹಿತ. ಅವನು ಕೂಡಲೇ ಉತ್ತರ ಕೊಟ್ಟಿದ್ದಾನೆ, ಬಹಳ ವಿನಯವಾಗಿ: "ಬಂತು ಸರ್. ಅಲ್ಲಿ ನೀರಿನ ತೊಂದ್ರೆ ಇಲ್ಲ ತಾನೇ?"

ತಮ್ಮನ್ನು ಏನೆಂದು ಕರೆಯಲಿ? ದಡ್ಡರೆಂದರೆ ದಡ್ಡರಿಗೆ ಅವಮಾನ. ಕಟುಕರೆನ್ನಲಾರೆ, ಅದು ನನ್ನ ಕಸುಬು. ನಾವು ಕತ್ತರಿಸುವಾಗ ಕಣ್ಣು ಬಿಟ್ಟು ನೋಡಿ ಕತ್ತರಿಸುತ್ತೇವೆ.

ನಿನ್ನೆಯೇ ತಂಗಿ ಮತ್ತೆ ಗಂಟುಮೂಟೆ ಕಟ್ಟಿದಳು. ದವಡೆಗೆ ತಂತಿ ಬಿಗಿದಿರುವುದರಿಂದ ಮಾತಾಡಲಾರಳು. ಹೋಗುವ ಮೊದಲು ಸರಿಯಾಗಿದ್ದ ಕೈಯಲ್ಲಿ ಪೆನ್ನು ಹಿಡಿದು ನನ್ನ ಅಂಗೈಯ ಮೇಲೆ ಹೊಸ ಜಾಗದ ಹೆಸರು ಬರೆಯಲು ಬಂದಳು. ನಾನು ಮುಷ್ಟಿ ಕಟ್ಟಿದೆ. ಅವನು ನನ್ನ ಅಂಗಡಿಗೆ ಬಂದೇ ಬರುತ್ತಾನೆ, ಈ ಸಲ ಒಂದು ಹಲ್ಲಿಗೆ ಬಿಡುವುದಿಲ್ಲ. ಎಷ್ಟು ಏಟಿನವರೆಗೆ ತಡೆದುಕೊಂಡೇನು ಎಂದು ನನಗೇ ಗೊತ್ತಿಲ್ಲ. "ನಂಗೆ ಹೇಳ್ಬೇಡ ಕಣೇ," ಎಂದೆ. ಅವಳು ಅತ್ತಳು, ನಾನೂ ಅತ್ತೆ. ಎಲ್ಲಿಗೆ ಹೋದಳೋ ಗೊತ್ತಿಲ್ಲ.

ನನ್ನ ಬೇಡಿಕೆ ಇದು. ಈ ಪತ್ರ ಓದಿದ ಕ್ಷಣವೇ ಎರಡೂ ಗ್ರೂಪುಗಳನ್ನು ಅಳಿಸಿ. ಫೋನಿನಲ್ಲಿ ಹೇಳಿದ ದೂರನ್ನೂ ದೂರೆಂದು ಬರೆದುಕೊಳ್ಳಿ. ಒಬ್ಬರ ನಂಬರನ್ನು ಇನ್ನೊಬ್ಬರಿಗೆ ತೋರಿಸುವ ಮೊದಲು ಅವರನ್ನು ಕೇಳಿ, ಬೇಡವೆಂದವರನ್ನು ಬಿಟ್ಟುಬಿಡಿ. ಅವನನ್ನು ಟ್ಯಾಂಕರಿನಿಂದ ಇಳಿಸಿ. ಮತ್ತೆ, ದಯವಿಟ್ಟು, ನನ್ನ ತಂಗಿಯನ್ನು ಹುಡುಕಬೇಡಿ. ತಾವು ಹುಡುಕಿದರೆ ಅವನಿಗೂ ಸಿಗುತ್ತಾಳೆ.

ಇಂತಿ,
ಒಡಹುಟ್ಟಿದವಳ ವಿಳಾಸ ಗೊತ್ತಿಲ್ಲದ,
ಕೋಳಿ ಅಂಗಡಿಯ ಅಕ್ಕ