ನೇರಳೆ ಅಂಗಿ

ಸೆಮರಾಂಗ್, ಶುಕ್ರವಾರ

ಅಮ್ಮಾ,

ನಿನಗೆ ಬೇಡವೆಂದು ನಾನು ತಡೆದಿದ್ದ ಸೆನಾಮ್ ವ್ಯಾಯಾಮದ ಕುಣಿತಕ್ಕೆ ಮೂರು ತಿಂಗಳಿಂದ ನಾನೇ ಹೋಗುತ್ತಿದ್ದೇನೆ. ಅದೇ ಮಸೀದಿ ಪಕ್ಕದ ಬಯಲು, ಕಿವಿಗಡಚಿಕ್ಕುವ ಅದೇ ಹಾಡುಗಳು. ನನ್ನ ರಕ್ತದ ಸಕ್ಕರೆ ಈಗ ಕಾಯಿಲೆಯ ಗಡಿಯಲ್ಲಿದೆ. ನಾನು ತಡೆದಾಗ ನಿನ್ನದೂ ಅಲ್ಲೇ ಇತ್ತು. ಆಮೇಲೆ ಅದು ನಿನ್ನ ಕಾಲು ತಿಂದಿತು, ಕೊನೆಗೆ ನಿನ್ನನ್ನೂ.

ಇವತ್ತು ಬಯಲಿಗೆ ನರ್ಸ್ ಬಂದು ಸೊಂಟ ಅಳೆದಳು. "ಎರಡಿಂಚು ಇಳಿದಿದೆ ಅಕ್ಕಾ. ರಕ್ತದಲ್ಲಿ ಉರಿಯೂತಾನೂ ಕಮ್ಮಿ ಆಗಿದೆ."

"ತೂಕ ಇದ್ದಷ್ಟೇ ಇದೆಯಲ್ಲೇ?"

"ಕೊಬ್ಬು ಕರಗಿ ಮಾಂಸಖಂಡ ಬಂದಿದೆ."

"ಕುಣಿದಾದ್ಮೇಲೆ ಕರಿದ ಟೋಫು ಮುಕ್ಕೋದು ಬಿಟ್ರೆ ತೂಕಾನೂ ಇಳಿಯುತ್ತೆ ಬಿಡು," ಎಂದು ನಮ್ಮನ್ನು ಕುಣಿಸುವ ಮುರ್ನಿ ಅಕ್ಕ ನಕ್ಕಳು. ಆಮೇಲೆ ಚೀಲದಿಂದ ನೇರಳೆ ಅಂಗಿಯೊಂದನ್ನು ತೆಗೆದಳು. ಗುಂಪಿನವರೆಲ್ಲ ತೊಡುವ ಅಂಗಿ.

"ನಿಮ್ಮಮ್ಮ ಅಳತೆ ಕೊಟ್ಟು ಹೊಲಿಸಿದ್ರು. ಮಗಳಿಗೆ ಇಷ್ಟ ಇಲ್ಲ ಅಂತ ಒಯ್ಯೋಕೇ ಬರ್ಲಿಲ್ಲ. ಹನ್ನೊಂದು ವರ್ಷದಿಂದ ಇಟ್ಕೊಂಡಿದ್ದೀನಿ."

ತೊಟ್ಟುಕೊಂಡೆ. ಮೂರು ತಿಂಗಳ ಹಿಂದಾಗಿದ್ದರೆ ಗುಂಡಿ ಕೂರುತ್ತಿರಲಿಲ್ಲ. ಇವತ್ತು ನನಗೇ ಹೊಲಿದ ಹಾಗಿತ್ತು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು.

ನೀನು ಕುಣಿತಕ್ಕೆ ಸೇರ್ತೀನಿ ಎಂದ ಅವತ್ತು ನಾನು ಹೇಳಿದ್ದು ಒಂದೇ ಮಾತು: "ಈ ವಯಸ್ಸಲ್ಲಿ ಬಯಲಲ್ಲಿ ಕುಣಿದ್ರೆ ಬೀಗರ ಮುಂದೆ ನಾನು ಹೇಗೆ ತಲೆ ಎತ್ತಲಿ?"

ಚಹಾಕ್ಕೆ ಮೂರು ಚಮಚ ಸಕ್ಕರೆ ಬೇಡ ಎಂದರೆ ನಾಲ್ಕು ಹಾಕಿಕೊಳ್ಳುತ್ತಿದ್ದವಳು ನೀನು. ಮಾತ್ರೆ ನುಂಗು ಎಂದರೆ ಕಿಟಕಿಯಾಚೆ ಎಸೆಯುತ್ತಿದ್ದವಳು. ನಾನು ಹುಟ್ಟಿದಂದಿನಿಂದ ನನ್ನ ಒಂದು ಮಾತನ್ನೂ ಕೇಳದವಳು, ಅದೊಂದನ್ನು ಯಾಕಮ್ಮಾ ಕೇಳಿದೆ?