ನೀವು ಮುದ್ರೆ ಒತ್ತಿದ ನೀರೊಲೆ

ವಿದ್ಯುತ್ ಕಚೇರಿಯ ಮಾನ್ಯ ಮುಖ್ಯಸ್ಥರೇ,

ನಿಮ್ಮ ‘ವಿದ್ಯುತ್ ಉಳಿಸುತ್ತದೆ’ ಎಂಬ ಹಸಿರು ಮುದ್ರೆಯನ್ನು ನಂಬಿದ್ದಕ್ಕೆ ನೀವೇ ನನ್ನ ಅಕ್ಕನ ಮನೆಯ ಕರೆಂಟು ಕೀಳಿಸಿದಿರಿ. ಇನ್ನೂರ ನಲವತ್ತು ಕೋಳಿಮರಿಗಳು ಮೊಟ್ಟೆಯೊಳಗೇ ಸತ್ತವು. ಸಮಾಧಾನ ಬೇಡಿ ಈ ಪತ್ರ ಬರೆಯುತ್ತಿಲ್ಲ. ನಿಮ್ಮ ನೆಮ್ಮದಿ ಕೆಡಿಸಲೆಂದೇ ಬರೆಯುತ್ತಿದ್ದೇನೆ.

ಅಕ್ಕ ಹಿಂದಿನ ಕೋಣೆಯಲ್ಲಿ ಕಾವುಪೆಟ್ಟಿಗೆ ಇಟ್ಟು ಮರಿ ಮಾಡಿಸುತ್ತಾಳೆ. ನಾನು ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವವನು. ಕರೆಂಟಿನಿಂದ ನೀರನ್ನು ಒಡೆದು, ಹೈಡ್ರೋಜನ್ ತೆಗೆದು ಉರಿಸುವ ಆ ‘ನೀರೊಲೆ’ಯನ್ನು ಅವಳ ಅಡುಗೆಮನೆಗೆ ಹೊತ್ತು ತಂದವನು ನಾನೇ. ಮೂವತ್ತು ವರ್ಷ ಕರೆಂಟಿನ ಜೊತೆ ಏಗಿದವನಿಗೆ ಅನುಮಾನ ಬರಲಿಲ್ಲವೇ ಎನ್ನುವಿರಾ? ಬಂತು ಸ್ವಾಮಿ. ಮುಚ್ಚಳದ ಮೇಲೆ ನಿಮ್ಮ ಮುದ್ರೆ ಕಂಡು, ನನಗಿಂತ ಓದಿದವರು ಅಳೆದೇ ಇರುತ್ತಾರೆ ಎಂದು ಬಾಯಿ ಮುಚ್ಚಿಕೊಂಡೆ. ಅದೊಂದು ತಪ್ಪು ನನ್ನದು.

ನೀವು ಅಳೆಯದ್ದನ್ನು ಈಗ ನಾನು ಅಳೆದಿದ್ದೇನೆ. ಎರಡು ಲೀಟರ್ ನೀರು ಕುದಿಸಲು ಹಳೆಯ ಕಾಯಿಲ್ ಒಲೆಗೆ ಕಾಲು ಯೂನಿಟ್ ಸಾಕಾಯಿತು. ನಿಮ್ಮ ಮುದ್ದಿನ ಯಂತ್ರ ಹೆಚ್ಚುಕಮ್ಮಿ ಒಂದು ಯೂನಿಟ್ ನುಂಗಿತು. ನೀರೆಂದರೆ ಹೈಡ್ರೋಜನ್ ಉರಿದು ಉಳಿದ ಬೂದಿ. ಬೂದಿಯನ್ನು ಮತ್ತೆ ಸೌದೆ ಮಾಡಬೇಕಾದರೆ ಅದು ಉರಿದಾಗ ಕೊಟ್ಟ ಶಾಖವನ್ನೆಲ್ಲ ಹಿಂದಕ್ಕೆ ತುಂಬಬೇಕು. ದಾರಿಯಲ್ಲಿ ಸೋರಿಹೋಗುವುದು ಬೇರೆ. ಇಷ್ಟು ತಿಳಿಯಲು ತಜ್ಞರ ಸಮಿತಿ ಬೇಕಿತ್ತೇ? ಒಂದು ಪಾತ್ರೆ, ಒಂದು ಮೀಟರು ಸಾಲುತ್ತಿರಲಿಲ್ಲವೇ?

ಅಕ್ಕನ ಮನೆಯ ಬಳಕೆ ದುಪ್ಪಟ್ಟಾಯಿತು. ‘ಅನುಮತಿ ಮೀರಿದ ಬಳಕೆ’ ಎಂದು ನಿಮ್ಮ ಆದೇಶ ಬಂತು. ನಿಮ್ಮ ಲೈನ್‌ಮನ್ ಕಂಬಕ್ಕೆ ಏಣಿ ಹಾಕಿದಾಗ ಮೊಟ್ಟೆಗಳಿಗೆ ಇಪ್ಪತ್ತನೇ ದಿನ; ಇಪ್ಪತ್ತೊಂದಕ್ಕೆ ಮರಿ ಹೊರಬರಬೇಕು.

“ಒಂದೇ ಒಂದು ದಿನ ತಡಿಯಪ್ಪ, ಮರಿಗಳು ಒಳಗಿಂದ ಕುಟ್ತಾ ಇವೆ,” ಎಂದು ಅಕ್ಕ ಕೈಮುಗಿದಳು.

ಅವನಿಗೆ ಕರುಳಿತ್ತು, ನಿಮಗೆ ಫೋನು ಮಾಡಿದ. ಸ್ಪೀಕರಿನಲ್ಲಿ ನಿಮ್ಮ ದನಿ ನಾವೆಲ್ಲ ಕೇಳಿಸಿಕೊಂಡೆವು: “ಕುಟ್ಲಿ ಬಿಡಯ್ಯ, ನೀನು ಕಟ್ ಮಾಡು.”

ಅಕ್ಕ ಪೆಟ್ಟಿಗೆಗೆ ಕಂಬಳಿ ಹೊದಿಸಿ, ಬಿಸಿನೀರಿನ ಬಾಟಲಿಗಳನ್ನಿಟ್ಟು, ಎರಡು ದಿನ ಅದಕ್ಕೇ ಕಿವಿಗೊಟ್ಟು ಕೂತಳು. ಸದ್ದು ಒಂದೊಂದಾಗಿ ನಿಂತಿತು. ಅವಳು ಈಗಲೂ ಆ ಕೋಣೆಯ ಬಾಗಿಲು ತೆರೆಯುವುದಿಲ್ಲ.

ನನ್ನ ಬೇಡಿಕೆ ಇಷ್ಟೇ. ಆ ಮುದ್ರೆಯನ್ನು ಹಿಂದಕ್ಕೆ ಪಡೆಯಿರಿ. ಅಕ್ಕನ ಎದುರು ನಿಂತು “ನಾನು ಅಳೆಯಲಿಲ್ಲ” ಎಂದು ಹೇಳಿ. ಅಲ್ಲಿಯವರೆಗೆ ನಿಮ್ಮ ಪ್ರತಿಯೊಂದು ಅಹವಾಲು ದಿನಕ್ಕೂ ಬರುತ್ತೇನೆ, ಅರ್ಜಿಯ ಜೊತೆ ಒಂದೊಂದು ಮೊಟ್ಟೆ ಲಗತ್ತಿಸಿ. ಇನ್ನೂರ ನಲವತ್ತೂ ನನ್ನ ಬಳಿ ಜೋಪಾನವಾಗಿವೆ. ಸ್ವೀಕರಿಸಿದ್ದಕ್ಕೆ ಮುದ್ರೆಯನ್ನು ನಿಮ್ಮ ಕೈಯಿಂದಲೇ ಒತ್ತಿಸಿಕೊಳ್ಳುತ್ತೇನೆ. ಒತ್ತುವ ಮೊದಲು, ಈ ಸಲವಾದರೂ, ಅದನ್ನು ಕಿವಿಗೆ ಹಿಡಿದು ನೋಡಿ.

ಇಂತಿ,
ಮುದ್ರೆ ನೋಡಿ ಬಾಯಿ ಮುಚ್ಚಿಕೊಂಡಿದ್ದ ತಮ್ಮ