ಪಾಪ ಅನ್ನಿಸಿದ ಹಿಟ್ಲರ್

ಧಾರವಾಡ, ಬುಧವಾರ

ಯಜ್ಞೇಶ್ವರ ಸರ್ ಅವರಿಗೆ, ಫಸ್ಟ್ ಇಯರ್ ಆ್ಯನಿಮೇಶನ್‌ನ ವೃಂದಾಳ ನಮಸ್ಕಾರಗಳು.

ಐದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ ಹಾಸ್ಟೆಲಿನಲ್ಲಿ ಬೆಳೆದವಳು, ಕನ್ನಡ ತಪ್ಪಿದ್ದರೆ ಕ್ಷಮಿಸಿರಿ. ಎದುರು ನಿಂತರೆ ಟೆನ್ಶನ್ ಆಗಿ ಮಾತೇ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಶನಿವಾರದ ಕಾಲೇಜ್ ಗ್ಯಾದರಿಂಗ್‌ನಲ್ಲಿ ನಾನು ಮಾಡಿದ ಹಿಟ್ಲರ್ ಕಾಮಿಡಿ ಫಿಲ್ಮ್ ತೋರಿಸಬೇಡಿರಿ, ಸರ್.

ಫಸ್ಟ್ ಇಯರ್‌ನಿಂದ ಅದೊಂದೇ ಸೆಲೆಕ್ಟ್ ಆಗಿದೆ, ಗೊತ್ತು. ಆದರೆ ನಿನ್ನೆ ಅದನ್ನು ಹಾಸ್ಟೆಲ್ ಮೆಸ್ಸಿನಲ್ಲಿ ಹಾಕಿದ್ದೆ. ಹಿಟ್ಲರ್ ಕುರ್ಚಿಯಿಂದ ಬಿದ್ದಾಗ, ನಾಯಿ ಅವನ ಟೋಪಿ ಕಚ್ಚಿಕೊಂಡು ಓಡಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ರೊಟ್ಟಿ ಬಡಿಯುವ ಕಾಳವ್ವ ಮಾತ್ರ, "ಪಾಪ, ಯಾರವ್ವಾ ಇಂವಾ? ಎಲ್ಲಾರೂ ಕೂಡಿ ಯಾಕ ಕಾಡಾಕತ್ತಾರ ಅವನ್ನ?" ಎಂದು ಕೇಳಿದಳು.

ಲಕ್ಷಗಟ್ಟಲೆ ಜನರನ್ನು ಕೊಲ್ಲಿಸಿದವನು ಎಂದೆ.

"ಖರೇನ? ಮತ್ತ ಆ ಮಂದಿ ಎಲ್ಲಿ ಅದಾರ ಇದರಾಗ?"

ರೂಮಿಗೆ ಹೋಗಿ ಫಿಲ್ಮನ್ನು ಮೊದಲಿನಿಂದ ಮತ್ತೆ ನೋಡಿದೆ. ಅವನ ಮೀಸೆ ಕುಣಿಸಲು ಒಂದು ವಾರ ಕೂತಿದ್ದೇನೆ, ಅವನಿಗೆ ಹೆದರುವ ಒಂದು ಮುಖವನ್ನೂ ಬಿಡಿಸಿಲ್ಲ.

ಕಾಮಿಡಿಯನ್ನು ನಾನು ಬಿಡುವುದಿಲ್ಲ, ಸರ್. ಅವನು ಬೀಳಲಿ, ಜನ ನಗಲಿ. ಆದರೆ ಅವನನ್ನು ಎತ್ತಿ ಮತ್ತೆ ಕೂಡಿಸಿದವರು, ಅವನ ಒಂದು ಮಾತಿಗೆ ಮನೆ ಬಿಟ್ಟು ಸಾವಿನ ಕ್ಯಾಂಪಿನ ರೈಲು ಹತ್ತಬೇಕಾದವರು ಕೂಡ ಕಾಣಬೇಕು. ಅವರನ್ನು ಬಿಡಿಸಿ ಸೇರಿಸಲು ಎರಡು ತಿಂಗಳು ಸಾಕು. ಪ್ರತಿ ಭಾನುವಾರ ಲ್ಯಾಬಿನ ಕೀಲಿಕೈ ಮಾತ್ರ ಕೊಡಿಸಿರಿ.

ಪ್ರೋಗ್ರಾಮ್ ನೋಡಲು ಗದಗಿನಿಂದ ಬರಲು ತಯಾರಾಗಿದ್ದ ಅಪ್ಪ-ಅಮ್ಮನಿಗೆ, ಈ ಸಲ ಬರಬೇಡಿರಿ ಎಂದು ಆಗಲೇ ಫೋನ್ ಮಾಡಿ ಹೇಳಿದ್ದೇನೆ.

ನೀವು ಬೈದರೂ ಕೇಳಿಸಿಕೊಳ್ಳಲು ತಯಾರಿರುವ,
ವೃಂದಾ